ಕೈಗೆ ನೆನಪಿತ್ತು

1943ರಲ್ಲಿ, ಎರಡನೇ ಮಹಾಯುದ್ಧದ ವೇಳೆ, ಸ್ಮೊಲೆನ್ಸ್ಕ್ ಬಳಿ, ಸೋವಿಯತ್ ಸೈನಿಕ ಜಸೆಟ್‌ಸ್ಕಿಯ ತಲೆಗೆ ಗುಂಡು ಹೊಕ್ಕಿತು. ಜೀವ ಉಳಿಯಿತು, ಓದು, ಬರಹ, ಎಡಬಲದ ಅರಿವು ಹೋದವು. ಪೆನ್ಸಿಲ್ ಹಿಡಿದರೆ ಒಂದೊಂದು ಅಕ್ಷರಕ್ಕೂ ತಡಕಾಟ.

ಒಂದು ದಿನ ವೈದ್ಯರು, ‘ಅಕ್ಷರ ಯೋಚಿಸಬೇಡ, ಕೈ ಎತ್ತದೆ ಇಡೀ ಪದ ಬರೆದುಬಿಡು’ ಎಂದರು. ರಷ್ಯನ್ ಭಾಷೆಯಲ್ಲಿ ‘ರಕ್ತ’ ಎಂದು ಬರೆದೇಬಿಟ್ಟ! ಬರೆದದ್ದನ್ನು ಓದಲು ಮಾತ್ರ ತಿಣುಕಾಟ. ಆಕಾರ ಗುರುತಿಸುವ ಭಾಗ ಕೆಟ್ಟಿತ್ತು, ಕೈಯ ರೂಢಿ ಕೆಟ್ಟಿರಲಿಲ್ಲ. ಮುಚ್ಚಿದ ದಾರಿಯನ್ನೇ ತಳ್ಳುತ್ತ ಕೂರದೆ ಬಳಸುದಾರಿ ಹುಡುಕುವುದೇ ಅವನನ್ನು ದಶಕಗಳ ಕಾಲ ಗಮನಿಸಿದ ನರಮನೋವಿಜ್ಞಾನಿ ಲೂರಿಯಾ ಅವರ ಪುನಶ್ಚೇತನ ವಿಧಾನದ ತಿರುಳು.

ಜಸೆಟ್‌ಸ್ಕಿ ಸುಮಾರು 25 ವರ್ಷ ಬರೆದ, ಹತ್ತಿರ ಹತ್ತಿರ 3000 ಪುಟ. ಪೂರ್ತಿ ಗುಣವಾದನೇ? ಇಲ್ಲ. ಆದರೂ, ‘ಇನ್ನೂ ಸರಿಹೋಗಲಿಲ್ಲವಾ’ ಎಂದು ತಿಂಗಳೊಪ್ಪತ್ತಿಗೇ ಕೇಳುವ ನಾವು ಆ ಲೆಕ್ಕವನ್ನೊಮ್ಮೆ ನೋಡಬೇಕು.