ಮೊದಲು ಸಾಲ, ಆಮೇಲೆ ಮಳಿ

ತಿಕೋಟಾದ ಹುಡುಗನೊಬ್ಬ ವಾಯ್ಸ್ ಮೆಸೇಜ್ ಕಳಿಸ್ಯಾನ: "ಅಣ್ಣಾ, ದ್ರಾಕ್ಷಿ ತೋಟದ ಮ್ಯಾಲೆ ಕಾದಂಬರಿ ಬರೀಬೇಕಂತೀನಿ. ಮೊಬೈಲ್‌ನಾಗ ನೋಟ್ಸ್ ರಗಡ ಅದಾವ. ಎಲ್ಲಿಂದ ಸುರು ಮಾಡ್ಲಿ?"

ತಮ್ಮಾ, ಚೌಕಟ್ಟು ನಿನ್ನ ತೋಟದಾಗೇ ಅದ. ಏಪ್ರಿಲ್‌ನಾಗ ಒಂದು ಚಾಟ್ನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು, ಬ್ಯಾಸಿಗಿ ಹೊತ್ತಿಗೆ ಹಣ್ಣು, ಆಮೇಲೆ ಶೆಡ್‌ನಾಗ ಒಣದ್ರಾಕ್ಷಿ. ನೋಟ್ಸ್‌ಗಳನ್ನು ಈ ತಿಂಗಳುಗಳ ಕೆಳಗೆ ಹಂಚು. ಎಲ್ಲೂ ಸೇರದ್ದನ್ನು ಪಕ್ಕಕ್ಕಿಡು, ಅಳಿಸಬ್ಯಾಡ.

ಆದರೆ ಬರೀ ಕ್ಯಾಲೆಂಡರ್ ಕಥಿ ಆಗೂದಿಲ್ಲ. ನಾ ಬಿ.ಕಾಂ. ಓದಿದಾಂವ, ಖಾತೆ ನೋಡೋ ಚಟ. ಪ್ರತಿ ಪಾತ್ರಕ್ಕೂ ಒಂದು ಹಾಳಿ ತಗಿ: ಯಾರಿಗೆ ಏನು ಬಾಕಿ, ಯಾರ ಮುಂದ ಮುಚ್ಚಿಟ್ಟಾರ. ಅಪ್ಪ ಸಾಲ ಮಾಡಿದ್ದು ಅವ್ವಗ ಗೊತ್ತಿಲ್ಲ ಅಂತಿಟ್ಕೋ. ಒಣಗಾಕ ಹಾಕಿದ ಹಣ್ಣಿಗೆ ಅಕಾಲಿಕ ಮಳೆ ಹೊಡೀತು. ಸಾಲದ ಸುದ್ದಿ ಆಮೇಲೆ ಹೇಳಿದ್ರ ಓದುಗ 'ಪಾಪ' ಅಂತಾನ, ಅಷ್ಟೇ. ಮೊದಲೇ ಹೇಳಿದ್ರ? ಮೋಡ ಕಂಡ ಕೂಡಲೇ ಅವನ ಎದಿ ಹೊಡ್ಕೋತದ. ನಾನಾದ್ರ ಮೊದಲೇ ಹೇಳ್ತೀನಿ.

ಯಾರ ಕಣ್ಣಿಂದ ಹೇಳೋದು ಅನ್ನೋದಕ್ಕೆ ಎಸ್.ಎಲ್. ಭೈರಪ್ಪನವರ 'ಪರ್ವ' (1979) ಓದು. ಎಲ್ಲರಿಗೂ ಗೊತ್ತಿರೋ ಮಹಾಭಾರತವೇ. ಆದರೆ ಮುದಿ ಶಲ್ಯನ ಮನೆಯಿಂದ ಸುರು ಆಗ್ತದ. ಮುಂದ ಕುಂತಿ, ಭೀಮ, ದ್ರೌಪದಿ, ಒಬ್ಬೊಬ್ಬರ ನೆನಪಿನೊಳಗೆ ಹೊಕ್ಕು ಹೊರಡ್ತದ. ಹಂಗ ನೀನೂ ಮಳೆಯ ಅಧ್ಯಾಯ ಅವ್ವಗ ಕೊಟ್ಟು ನೋಡು. ಸಾಲ ಓದುಗನಿಗೆ ಗೊತ್ತು, ಆಕೀಗೆ ಗೊತ್ತಿಲ್ಲ. ತಾಡಪತ್ರಿ ಹೊಚ್ಚಾಕ ಓಡ್ತಾಳ.

ಬಬಲೇಶ್ವರದಿಂದ ವಿಜಯಪುರದ ಬಸ್ಸಿನ್ಯಾಗ ಕೇಳಾಕತ್ತಿರೋರು ನಿಮ್ಮ ಪಾತ್ರದ ಹಾಳಿ ಕಳಸ್ರಿ, ಮುಂದಿನ ವಾರ ಎರಡು ಓದ್ತೀನಿ.