ಸಂಘವೂ ಬೇಕು, ಓದೂ ಬೇಕು

(ಕಟಪಾಡಿಯಲ್ಲಿ ನಡೆದ ಸ್ವಸಹಾಯ ಸಂಘಗಳ ಸಮಾವೇಶದಲ್ಲಿ ನಮ್ಮ ಸಂಘದ ಪರವಾಗಿ ಆಡಿದ ಮಾತಿನ ಬರಹರೂಪ)



ನಮಗೆ ಕೊಟ್ಟ ವಿಷಯ 'ಕಾಲೇಜು ವಿದ್ಯಾರ್ಥಿನಿಯರು ಮತ್ತು ಸ್ವಸಹಾಯ ಸಂಘ'. ಈ ವಿಷಯ ಬಂದಾಗ ನಮಗೆ ಸ್ವಲ್ಪ ಹೆದರಿಕೆಯಾಯಿತು. ಯಾಕೆಂದರೆ ಇದೇ ವಿಷಯದಲ್ಲಿ ನಮ್ಮ ಸಂಘ ಒಂದು ತಪ್ಪು ಮಾಡಿದ್ದುಂಟು. ಸಮಾವೇಶ ಎಂದರೆ ಎಲ್ಲರೂ ಸಾಧನೆ ಹೇಳುತ್ತಾರೆ. ನಾವು ಇವತ್ತು ತಪ್ಪನ್ನೇ ಹೇಳುವುದೆಂದು ನಿಶ್ಚಯ ಮಾಡಿ ಬಂದಿದ್ದೇವೆ. ಕೇಳಿದ ಮೇಲೆ ಇನ್ನೊಂದು ಸಂಘ ಅದನ್ನು ಮಾಡದಿದ್ದರೆ ಅಷ್ಟು ಸಾಕು.

ನಮ್ಮದು ಹದಿನಾರು ಮಂದಿಯ ಸಂಘ. ಶಂಕರಪುರ ರಸ್ತೆಯ ಬದಿಯ ಮನೆಗಳವರು. ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಇದ್ದೇವೆ. ಹೆಚ್ಚಿನವರಿಗೆ ಮಲ್ಲಿಗೆಯ ಗಿಡ ಉಂಟು, ಕೆಲವರು ಬೀಡಿ ಕಟ್ಟುತ್ತಾರೆ, ಇಬ್ಬರು ಟೈಲರಿಂಗ್ ಮಾಡುತ್ತಾರೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಸಭೆ. ವಾರಕ್ಕೆ ಐವತ್ತು ರೂಪಾಯಿ ಉಳಿತಾಯ. ಕಾರಣ ಇಲ್ಲದೆ ಸಭೆಗೆ ತಪ್ಪಿಸಿದರೆ ಹತ್ತು ರೂಪಾಯಿ ದಂಡ.

ಸಂಘದ ಪಂಚಸೂತ್ರ ನಿಮಗೆಲ್ಲ ಬಾಯಿಪಾಠ ಬರುತ್ತದೆ. ಕ್ರಮವಾಗಿ ಸಭೆ, ಕ್ರಮವಾಗಿ ಉಳಿತಾಯ, ಒಳಗೊಳಗೆ ಸಾಲ, ಸಮಯಕ್ಕೆ ಸರಿಯಾಗಿ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ. 1992ರಲ್ಲಿ ನಬಾರ್ಡ್‌ನವರು ಐನೂರು ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುಮಾಡಿದರು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳು ಬಂದವು. ಉಡುಪಿಯವರಿಗೆ ಇದು ಪೂರ್ತಿ ಹೊಸದೇನಲ್ಲ. 1928ರಲ್ಲಿಯೇ ಇಲ್ಲಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ತಂದು, ಮನೆ ಬಾಗಿಲಿಗೆ ಬಂದು ಆಣೆಗಳ ಲೆಕ್ಕದಲ್ಲಿ ಹಣ ಒಟ್ಟು ಮಾಡಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಸ್ವಲ್ಪ ಸ್ವಲ್ಪ ಕೂಡಿಡುವ ಅಭ್ಯಾಸ ಊರಿನಲ್ಲಿ ಉಳಿಯಿತು.

ಇನ್ನು ನಮ್ಮ ತಪ್ಪಿನ ಕಥೆ.

ನಮ್ಮ ಒಬ್ಬ ಸದಸ್ಯೆಗೆ ಕಣ್ಣಿನ ತೊಂದರೆ ಆಯಿತು. ಅವರು ಬಿಟ್ಟ ಜಾಗಕ್ಕೆ ಅವರ ಮಗಳು ಸೇರಿದಳು. ಹದಿನೆಂಟು ತುಂಬಿತ್ತು, ಆಗ ತಾನೇ ಬಿ.ಎಸ್ಸಿ. ನರ್ಸಿಂಗ್‌ಗೆ ಸೀಟು ಸಿಕ್ಕಿತ್ತು. ನಮಗೆಲ್ಲ ಬಹಳ ಖುಷಿ. ಸಂಘಕ್ಕೆ ಕಲಿತ ಹುಡುಗಿ ಬಂದಳಲ್ಲ! ಎರಡನೇ ವಾರವೇ ಲೆಕ್ಕಪುಸ್ತಕ ಅವಳ ಕೈಗೆ ಕೊಟ್ಟೆವು. ಅಕ್ಷರ ಮುತ್ತಿನಂತೆ ಉಂಟು, ನೀನೇ ಬರಿ ಬಾಲೆ, ಎಂದೆವು. ಅವಳು ನಗುತ್ತಾ ತೆಗೆದುಕೊಂಡಳು.

ಆಮೇಲೆ ಒಂದೊಂದೇ ಸೇರಿತು. ಬ್ಯಾಂಕಿನ ಫಾರ್ಮ್ ತುಂಬಿಸಲು ಅವಳು. ಪಾಸ್‌ಬುಕ್ ಎಂಟ್ರಿಗೆ ಅವಳು. ಒಬ್ಬರ ಆಧಾರ್‌ಗೆ ಫೋನ್ ನಂಬರ್ ಸೇರಿಸಬೇಕು, ಇನ್ನೊಬ್ಬರ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪು, ಎಲ್ಲದಕ್ಕೂ ಅವಳೇ. 2023ರ ಜುಲೈಯಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕುವ ಗಡಿಬಿಡಿ ನೆನಪುಂಟಲ್ಲ? ತಿಂಗಳಿಗೆ ಎರಡು ಸಾವಿರ ಬರುತ್ತದೆಂದು ನಾವು ಒಬ್ಬೊಬ್ಬರಾಗಿ ಅವಳನ್ನು ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದೆವು. "ಒಂದು ಗಳಿಗೆ ಬಾ ಮಾರಾಯ್ತಿ" ಎಂದು ಹೇಳುವುದು, ಅರ್ಧ ದಿನ ಕೂರಿಸುವುದು.

ಅವಳ ದಿನ ಹೇಗಿತ್ತೆಂದು ನಾವು ಕೇಳಲೇ ಇಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಅಮ್ಮನ ಜೊತೆ ಮಲ್ಲಿಗೆ ಮೊಗ್ಗು ಕೊಯ್ಯುವುದು. ಅಮ್ಮನಿಗೆ ಕಣ್ಣು ಮಂದ, ಹಾಗಾಗಿ ಬಾಳೆನಾರಿನಲ್ಲಿ ಕಟ್ಟುವುದರಲ್ಲಿ ಅರ್ಧ ಇವಳದ್ದೇ. ಆಮೇಲೆ ಗಂಜಿ ಕುಡಿದು ಬಸ್ಸು ಹಿಡಿಯಬೇಕು. ಕ್ಲಾಸು, ನಂತರ ಆಸ್ಪತ್ರೆಯ ವಾರ್ಡಿನಲ್ಲಿ ಪೋಸ್ಟಿಂಗ್. ರಾತ್ರಿ ಮನೆಯಲ್ಲಿ ರೋಗಿಯ ವಿವರ ಬರೆದು ಒಪ್ಪಿಸುವ ಕೆಲಸ.

ನರ್ಸಿಂಗ್ ಎಂದರೆ ಸುಲಭದ ಓದಲ್ಲ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಕ್ಲಾಸಿನಲ್ಲಿ ನೂರಕ್ಕೆ ಎಂಬತ್ತು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆಸ್ಪತ್ರೆಯ ಕೆಲಸದಲ್ಲಿ ನೂರಕ್ಕೆ ನೂರು ಹಾಜರಿ ಆಗಬೇಕು, ತಪ್ಪಿದ ದಿನವನ್ನು ಪದವಿ ಸಿಗುವ ಮೊದಲು ತುಂಬಿಸಿ ಕೊಡಬೇಕು. ಅಲ್ಲಿಯ ನಿಯಮ ಹಾಗೆ, ಅದು ಸರಿಯೂ ಹೌದು. ಕೆಲಸ ಅರ್ಧ ಕಲಿತವಳ ಕೈಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ನಾವು ಯಾರೂ ತಯಾರಿಲ್ಲ. ಆದರೆ ನಾವು ಎಂತ ಮಾಡಿದೆವು? ಪೋಸ್ಟಿಂಗ್ ಇದ್ದ ಭಾನುವಾರ ಸಭೆಗೆ ಬರಲಿಲ್ಲವೆಂದು ಅವಳಿಗೆ ದಂಡ ಹಾಕಿದೆವು. ಆ ದಂಡವನ್ನು ಪುಸ್ತಕದಲ್ಲಿ ಅವಳೇ ಬರೆಯುತ್ತಿದ್ದಳು.

ಮೂರನೇ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಫೇಲಾಯಿತು. ಫಲಿತಾಂಶ ಬಂದ ವಾರದ ಸಭೆಗೆ ಬಂದವಳು ಪುಸ್ತಕಗಳ ಚೀಲವನ್ನು ಚಾಪೆಯ ನಡುವೆ ಇಟ್ಟು, "ನನಗೆ ಸಂಘ ಬೇಡ, ಹೆಸರು ತೆಗೆದುಬಿಡಿ" ಎಂದಳು. ಅವಳ ಮೇಲೆ ಫೀಸಿನ ಸಾಲ ಹದಿನೆಂಟು ಸಾವಿರ ಬಾಕಿ ಇತ್ತು. ನಮ್ಮಲ್ಲಿ ಒಬ್ಬರು ಕೂಡಲೇ ಹೇಳಿದರು, "ಸಾಲ ತೆಗೆಯುವಾಗ ಸಂಘ ಬೇಕಿತ್ತು, ಈಗ ಬೇಡವಾ?" ಹೇಳಿದವರು ಒಬ್ಬರಾದರೂ ನಾವೆಲ್ಲ ಸುಮ್ಮನಿದ್ದೆವು. ಸುಮ್ಮನಿದ್ದವರೂ ಅದನ್ನು ಹೇಳಿದ ಹಾಗೆಯೇ. ಹುಡುಗಿ ಅಳಲಿಲ್ಲ, ತಲೆ ತಗ್ಗಿಸಿ ಕೂತಳು.

ಆಗ ಮೂಲೆಯಲ್ಲಿ ಕೂತಿದ್ದ ನಮ್ಮ ಹಿರಿಯಕ್ಕ ಬಾಯಿ ತೆರೆದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಹೆಬ್ಬೆಟ್ಟಿನ ಸಹಿ. ಅವರು ಕೇಳಿದ್ದು ಇಷ್ಟೇ: "ವಾರಕ್ಕೆ ಎಷ್ಟು ಗಂಟೆ ನಾವು ಇವಳನ್ನು ದುಡಿಸಿದ್ದೇವೆ? ಯಾರಾದರೂ ಲೆಕ್ಕ ಹಾಕಿ."

ಹಾಕಿದೆವು. ಸಭೆ ಮತ್ತು ಪುಸ್ತಕ ಎರಡು ಗಂಟೆ. ಬ್ಯಾಂಕಿನ ಕೆಲಸ ಒಂದು ಗಂಟೆ. ನಮ್ಮ ನಮ್ಮ ಅರ್ಜಿ, ಫಾರ್ಮ್ ಎರಡು ಗಂಟೆ. ವಾರಕ್ಕೆ ಐದು ಗಂಟೆ ಆಯಿತು. ವರ್ಷಕ್ಕೆ ಇನ್ನೂರೈವತ್ತು ಗಂಟೆಗೆ ಕಮ್ಮಿ ಇಲ್ಲ. ಹಿರಿಯಕ್ಕ ಹೇಳಿದರು, "ಒಂದು ಚೆಂಡಿಗೆ ಎಂಟುನೂರು ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಮೊಗ್ಗು ಕಮ್ಮಿಯಾದರೂ ನಮಗೆ ಗೊತ್ತಾಗುತ್ತದೆ. ಈ ಮಗುವಿನ ಗಂಟೆಗಳನ್ನು ಮಾತ್ರ ನಾವು ಎಣಿಸಲಿಲ್ಲ."

ಆ ದಿನ ಸಭೆಯಲ್ಲಿ ಯಾರಿಗೂ ಚಾ ಇಳಿಯಲಿಲ್ಲ.

ಫೇಲಾದದ್ದು ಪೂರ್ತಿ ಸಂಘದಿಂದಲೇ ಎಂದು ನಾವು ಹೇಳುವುದಿಲ್ಲ. ಅವಳೂ ಹಾಗೆ ಹೇಳುವುದಿಲ್ಲ. ಪರೀಕ್ಷೆಯ ಹೆದರಿಕೆ ಇತ್ತು, ಮೊಬೈಲ್ ನೋಡಿ ಹೋದ ಹೊತ್ತೂ ಉಂಟು ಎಂದು ಅವಳೇ ಒಪ್ಪಿದಳು. ಆದರೆ ನಮ್ಮ ಪಾಲು ನಮ್ಮದು, ಅದನ್ನು ಒಪ್ಪಿಕೊಳ್ಳಬೇಕು.

ಹಾಗಾದರೆ ಓದುವ ಹುಡುಗಿಗೆ ಸಂಘವೇ ಬೇಡವಾ? ಕೆಲವರು ಹಾಗೆ ಹೇಳಿದರು: "ಕಲಿತು ಮುಗಿಯಲಿ, ಆಮೇಲೆ ಸೇರಲಿ." ನಾವು ಬಹಳ ಯೋಚನೆ ಮಾಡಿದೆವು. ಸಂಘ ಅವಳಿಗೆ ಕೊಟ್ಟದ್ದೂ ಉಂಟು. ನೂರಕ್ಕೆ ಒಂದು ರೂಪಾಯಿ ಬಡ್ಡಿಯಲ್ಲಿ ಫೀಸಿಗೆ ಹಣ ಸಿಕ್ಕಿತು. ಬ್ಯಾಂಕ್ ಮ್ಯಾನೇಜರ ಎದುರು ಕೂತು ಮಾತಾಡುವ ಧೈರ್ಯ ಬಂತು. ಮಳೆಗಾಲದಲ್ಲಿ ಕತ್ತಲೆಯಾದ ಮೇಲೆ ಬಸ್ಸಿಳಿಯುವಾಗ ನಮ್ಮಲ್ಲಿ ಯಾರಾದರೂ ಒಬ್ಬರು ಟಾರ್ಚ್ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆವು. ವಾರ್ಡಿನಲ್ಲಿ ಮೊದಲ ಸಲ ಒಬ್ಬ ರೋಗಿ ಕಣ್ಣೆದುರೇ ತೀರಿಹೋದ ದಿನ ಅವಳು ಬಂದು ಅತ್ತದ್ದು ಹಿರಿಯಕ್ಕನ ಜಗಲಿಯಲ್ಲಿ. ಮನೆಯಲ್ಲಿ ಅಮ್ಮ ಹೆದರುತ್ತಾರೆಂದು ಅಲ್ಲಿಗೆ ಬಂದದ್ದು.

ಓದುವ ಹೆಣ್ಣುಮಕ್ಕಳು ಅಕ್ಕ-ತಂಗಿಯರ ಕೂಟ ಕಟ್ಟಿಕೊಳ್ಳುವುದು ಬೇರೆ ದೇಶದಲ್ಲಿಯೂ ಉಂಟು. ಅಮೆರಿಕದ ಕಾಲೇಜುಗಳಲ್ಲಿ ಅದನ್ನು 'ಸೊರೊರಿಟಿ' ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ 'ಸೊರೊರ್' ಎಂದರೆ ಸಹೋದರಿ. ಹುಡುಗರ ಕಾಲೇಜಿಗೆ ಹುಡುಗಿಯರನ್ನು ಹೊಸದಾಗಿ ಸೇರಿಸಿಕೊಂಡ ಕಾಲ ಅದು. ಅವರನ್ನು ಕಂಡರೆ ಹಲವರಿಗೆ ಆಗುತ್ತಿರಲಿಲ್ಲ. ಒಬ್ಬರಿಗೊಬ್ಬರು ಆಸರೆಯಾಗಲು ಇಂಡಿಯಾನಾ ರಾಜ್ಯದ ಒಂದು ಕಾಲೇಜಿನ ನಾಲ್ಕು ಹುಡುಗಿಯರು 1870ರಲ್ಲಿ ಇಂಥ ಒಂದು ಕೂಟ ಕಟ್ಟಿದರು. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ಹುಡುಗಿಯರು ತಮ್ಮದೇ ಕೂಟ ಶುರುಮಾಡಿದರು. 2021ರಿಂದ 2025ರವರೆಗೆ ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಓದುವಾಗ ಸೇರಿದ್ದು ಅದೇ ಕೂಟಕ್ಕೆ. ಅಲ್ಲಿಯೂ ಇದೇ ತಾಪತ್ರಯ: ಸಭೆ, ಸಮಾರಂಭ, ವಂತಿಗೆ, ಇದರ ನಡುವೆ ಕಷ್ಟದ ಓದು. ಆದ್ದರಿಂದ ಹಲವು ಕೂಟಗಳು ಇಂತಿಷ್ಟು ಅಂಕ ಇರಲೇಬೇಕೆಂದು ನಿಯಮ ಮಾಡಿವೆ. ಸದಸ್ಯೆಯ ಓದು ಹಾಳಾದರೆ ಕೂಟಕ್ಕೂ ಅದು ಸಂಬಂಧಪಟ್ಟ ವಿಷಯ ಎಂದು ಇದರ ಅರ್ಥ. ಈ ಒಂದು ಮಾತು ನಮಗೆ ಹಿಡಿಸಿತು.

ನಮ್ಮ ಕರಾವಳಿಯಲ್ಲಿಯೂ ಹೆಣ್ಣುಮಕ್ಕಳ ಓದಿಗೆ ಹಿಂದಿನವರು ಬೆವರು ಸುರಿಸಿದ್ದಾರೆ. ಮಂಗಳೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ತೆರೆದರು. ಉಡುಪಿಯಲ್ಲಿ 1949ರಲ್ಲಿ ಎಂ.ಜಿ.ಎಂ. ಕಾಲೇಜು, ಮಣಿಪಾಲದಲ್ಲಿ 1953ರಲ್ಲಿ ಮೆಡಿಕಲ್ ಕಾಲೇಜು ಬಂತು. ನಮ್ಮ ಅಮ್ಮಂದಿರಲ್ಲಿ ಹೆಚ್ಚಿನವರು ಆ ಕಟ್ಟಡಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರು. ಈಗ ಅವರ ಮೊಮ್ಮಕ್ಕಳು ಕಾಲೇಜಿನೊಳಗೆ ಹೋಗುವ ಕಾಲ ಬಂದಿದೆ. ಅಡ್ಡ ಬರುವವರು ನಾವಾಗಬಾರದು.

ಆಮೇಲೆ ನಾವು ಸೇರಿ ನಿರ್ಣಯ ಬರೆದೆವು. ಅದನ್ನು ನಿಮ್ಮ ಮುಂದೆ ಓದುತ್ತೇವೆ.

1. ಓದುವ ಸದಸ್ಯೆ ತಿಂಗಳಿಗೆ ಒಂದು ಸಭೆಗೆ ಬಂದರೆ ಸಾಕು. ಪರೀಕ್ಷೆಯ ತಿಂಗಳು ಪೂರ್ತಿ ರಜೆ. ದಂಡ ಇಲ್ಲ.

2. ಉಳಿತಾಯಕ್ಕೆ ಮಾತ್ರ ರಜೆ ಇಲ್ಲ. ಅಮ್ಮನ ಕೈಯಲ್ಲಾಗಲಿ ನೆರೆಮನೆಯವರ ಕೈಯಲ್ಲಾಗಲಿ ಕಳಿಸಬೇಕು. ಸಾಲದ ಕಂತೂ ಹಾಗೆಯೇ.

3. ಲೆಕ್ಕಪುಸ್ತಕ ಬರೆಯಲು ಮೂವರು ಕಲಿಯಬೇಕು, ನಾಲ್ಕು ನಾಲ್ಕು ತಿಂಗಳು ಒಬ್ಬೊಬ್ಬರು ಬರೆಯಬೇಕು. ಐದನೇ ಕ್ಲಾಸು ಓದಿದವರಿಗೂ ಬರುತ್ತದೆ.

4. ಸದಸ್ಯೆಯರ ಮನೆಯ ಅರ್ಜಿ, ಫಾರ್ಮ್ ಸಂಘದ ಕೆಲಸ ಅಲ್ಲ. ಬೇಕಾದವರು ರಜೆಯಲ್ಲಿ ಕೇಳಬೇಕು. ಅವಳು "ಆಗುವುದಿಲ್ಲ" ಎಂದರೆ ಮುಖ ಊದಿಸಬಾರದು.

5. ಓದುವ ಸದಸ್ಯೆಗೆ ಸಂಘದಿಂದ ಸಾಲ ಪಡೆಯುವ ಹಕ್ಕು ಎಲ್ಲರಷ್ಟೇ.

ಮೂರನೆಯದ್ದು ಬಹಳ ಕಷ್ಟವಾಯಿತು. ಮೊದಲ ತಿಂಗಳು ನೂರಿಪ್ಪತ್ತು ರೂಪಾಯಿ ತಾಳೆಯಾಗದೆ ಎರಡು ಭಾನುವಾರ ಕೂತೆವು. ಕೊನೆಗೆ ನೋಡಿದರೆ ಒಂದು ಕಂತನ್ನು ಎರಡು ಸಲ ಬರೆದಿದ್ದೆವು. ಆದರೆ ಒಂದು ವಿಷಯ ಗೊತ್ತಾಯಿತು. ಅಷ್ಟು ವರ್ಷ ನಮ್ಮದೇ ಹಣದ ಲೆಕ್ಕ ನಮಗೆ ಓದಲು ಬರುತ್ತಿರಲಿಲ್ಲ. ಕಲಿತ ಹುಡುಗಿ ಇದ್ದಾಳೆಂದು ನಾವು ಕಲಿಯುವುದನ್ನೇ ಬಿಟ್ಟಿದ್ದೆವು.

ಇಲ್ಲಿ ಕೂತಿರುವ ವಿದ್ಯಾರ್ಥಿನಿಯರಿಗೆ ಎರಡು ಮಾತು. ಸೇರುವ ಮೊದಲು ನಿಯಮ ಕೇಳಿ ತಿಳಿದುಕೊಳ್ಳಿ. ಬ್ಯಾಂಕಿನಿಂದ ಸಂಘದ ಹೆಸರಿನಲ್ಲಿ ತೆಗೆದ ಸಾಲಕ್ಕೆ ಇಡೀ ಸಂಘವೇ ಹೊಣೆ, ಅದು ಗೊತ್ತಿದ್ದು ಸಹಿ ಹಾಕಿ. ಪೋಸ್ಟಿಂಗ್ ಪಟ್ಟಿ, ಪರೀಕ್ಷೆಯ ದಿನ ಮೊದಲೇ ಹೇಳಿ. ಆಗದ ಕೆಲಸಕ್ಕೆ ಆಗುವುದಿಲ್ಲ ಎಂದು ಮೊದಲ ದಿನವೇ ಹೇಳಿ, ಫೇಲಾದ ಮೇಲೆ ಚೀಲ ತಂದು ಇಡುವಷ್ಟು ದಿನ ಕಾಯಬೇಡಿ. ದೊಡ್ಡವರೆಂದು ನೀವು ಸುಮ್ಮನಿದ್ದರೆ ನಿಮ್ಮ ಕಷ್ಟ ನಮಗೆ ಗೊತ್ತಾಗುವುದಿಲ್ಲ.

ತಾಯಂದಿರಿಗೂ ಒಂದು ಮಾತು. ದೊಡ್ಡ ಫೀಸಿಗೆಲ್ಲ ಸಂಘದ ಸಾಲವನ್ನೇ ನೆಚ್ಚಬೇಡಿ. ಸಂಘದ ಕಂತು ಮುಂದಿನ ತಿಂಗಳಿಂದಲೇ ಶುರು. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ನಾಲ್ಕು ಲಕ್ಷದವರೆಗೆ ಆಸ್ತಿ ಅಡವೂ ಕೇಳುವುದಿಲ್ಲ. ಪುಸ್ತಕ, ಯೂನಿಫಾರ್ಮ್, ಬಸ್ಸು ಖರ್ಚು ಇಂಥದ್ದಕ್ಕೆ ಸಂಘದ ಸಾಲ ಸರಿ. ಮತ್ತೆ, ಪರೀಕ್ಷೆ ಇದ್ದ ವಾರ ಮಲ್ಲಿಗೆ ಕೊಯ್ಯಲು ಅವಳನ್ನು ಎಬ್ಬಿಸಬೇಡಿ. ಆ ವಾರ ನಮ್ಮ ಸಂಘದವರೇ ಸರದಿಯಲ್ಲಿ ಆ ಮನೆಗೆ ಹೋಗಿ ಕೊಯ್ದು ಕಟ್ಟಿಕೊಟ್ಟೆವು. ಅದೇನು ದೊಡ್ಡ ಉಪಕಾರ ಅಲ್ಲ, ಇನ್ನೂರೈವತ್ತು ಗಂಟೆಯ ಬಾಕಿಯಲ್ಲಿ ಸ್ವಲ್ಪ ತೀರಿಸಿದ್ದು.

ನಮ್ಮ ಹುಡುಗಿ ಆ ವಿಷಯವನ್ನು ಮತ್ತೆ ಕಟ್ಟಿ ಪಾಸಾದಳು. ಈಗ ಕೊನೆಯ ವರ್ಷ. ಇವತ್ತು ಅವಳು ಇಲ್ಲಿಗೆ ಬಂದಿಲ್ಲ, ಪೋಸ್ಟಿಂಗ್ ಉಂಟು. ಬರಲಿಲ್ಲವೆಂದು ಯಾರೂ ದಂಡ ಬರೆದಿಲ್ಲ. ಪುಸ್ತಕ ಈಗ ನಮ್ಮ ಕೈಯಲ್ಲಿ ಉಂಟು, ಅಕ್ಷರ ಸ್ವಲ್ಪ ಸೊಟ್ಟ, ಲೆಕ್ಕ ಸರಿ.

ನಿಮ್ಮ ಸಂಘದಲ್ಲಿಯೂ ಓದುವ ಮಗಳು ಇದ್ದರೆ, ಬರುವ ಭಾನುವಾರ ಸಭೆ ಶುರುವಾಗುವ ಮೊದಲು ಅವಳ ಹತ್ತಿರ ಒಂದು ಪ್ರಶ್ನೆ ಕೇಳಿ: "ನಿನ್ನ ಪರೀಕ್ಷೆ ಯಾವಾಗ ಮಗಾ?" ಅಲ್ಲಿಂದ ಶುರುಮಾಡಿ.