ಎರಡು ಮಿಲಿಮೀಟರಿನ ಅಂತರ



ಕಂಪ್ಯೂಟರ್ ನೆರವಿನಿಂದ ಹಲ್ಲಿನ ಇಂಪ್ಲಾಂಟ್ ಕೂರಿಸುವುದು ಮಹಾನಗರದ ಸೌಕರ್ಯ ಎಂಬ ಭಾವನೆ ದಂತವೈದ್ಯರಾದ ನಮ್ಮಲ್ಲಿ ಬೇರೂರಿದೆ. ಇಂದಾಪುರದಂಥ ತಾಲ್ಲೂಕು ಊರಿಗೇ ಅದು ಹೆಚ್ಚು ಬೇಕು ಎಂಬುದು ನನ್ನ ವಾದ. ಕೆಳದವಡೆಯ ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಜೋಮು ಹಿಡಿಯುತ್ತವೆ. ಕೆಲವೊಮ್ಮೆ ಅದು ಎಂದಿಗೂ ಬಿಡುವುದಿಲ್ಲ. ಕಬ್ಬಿನ ಕಟಾವಿನ ಕೂಲಿ ಬಿಟ್ಟು ಪುಣೆಗೋ ಸೊಲ್ಲಾಪುರಕ್ಕೋ ಮತ್ತೆ ಮತ್ತೆ ಅಲೆಯಬೇಕಾದವರಿಗೆ ಮೊದಲ ಸಲವೇ ಕೆಲಸ ಸರಿಯಾಗಬೇಕು.

ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಬೇರು ಕೂರಿಸಿದಾಗ ಒಸಡು ಬಿಡಿಸಿ, ಮೂಳೆ ನೋಡಿಕೊಂಡೇ ಕೊರೆಯಬೇಕಿತ್ತು. ಮಾಮೂಲಿ ಎಕ್ಸ್‌ರೇ ಮೂಳೆಯ ಎತ್ತರ ತೋರಿಸುತ್ತದೆ, ದಪ್ಪ ತೋರಿಸದು. ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಎರಡನ್ನೂ ತೋರಿಸುತ್ತದೆ. ಅದರ ಮೇಲೆ ಹಲ್ಲು, ಒಸಡಿನ ಡಿಜಿಟಲ್ ಅಚ್ಚನ್ನು ಹೊಂದಿಸಿ, ಮೊದಲು ಹಲ್ಲು ಎಲ್ಲಿ ಬರಬೇಕೆಂದು ಗೊತ್ತುಮಾಡಿ, ಆಮೇಲೆ ಬೇರಿನ ಜಾಗ ಆರಿಸುತ್ತೇವೆ. ಆ ಯೋಜನೆಯಂತೆ ಪ್ರಿಂಟ್ ಮಾಡಿದ ಗೈಡ್, ಡ್ರಿಲ್ಲಿನ ದಿಕ್ಕನ್ನೂ ಆಳವನ್ನೂ ಹಿಡಿದಿಡುತ್ತದೆ.

ಹಾಗೆಂದು ಕೂದಲೆಳೆಯಷ್ಟೂ ತಪ್ಪದು ಎಂದು ರೋಗಿಗೆ ಹೇಳುವುದು ತಪ್ಪು. ತಹ್ಮಸೇಬ್ ಮತ್ತು ಸಂಗಡಿಗರು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಯೋಜಿಸಿದ ಜಾಗಕ್ಕೂ ಕೂರಿಸಿದ ಜಾಗಕ್ಕೂ ಸರಾಸರಿ ವ್ಯತ್ಯಾಸ ಇಂಪ್ಲಾಂಟಿನ ಬಾಯಿಯಲ್ಲಿ 1.2 ಮಿ.ಮೀ., ತುದಿಯಲ್ಲಿ 1.4 ಮಿ.ಮೀ., ಓರೆಯಲ್ಲಿ 3.5 ಡಿಗ್ರಿ ಇತ್ತು. ಸರಾಸರಿ ಎಂದ ಮೇಲೆ ಕೆಲವರಲ್ಲಿ ಅದಕ್ಕಿಂತ ಹೆಚ್ಚೇ. ಸ್ಕ್ಯಾನ್ ವೇಳೆ ರೋಗಿ ಅಲುಗಿದ್ದು, ಅಚ್ಚು ಸರಿಹೊಂದದ್ದು, ಗೈಡ್ ಪೂರ್ತಿ ಕೂರದ್ದು, ಇವೆಲ್ಲ ಒಂದರ ಮೇಲೊಂದು ಸೇರುತ್ತವೆ. ನರದಿಂದ 2 ಮಿ.ಮೀ. ಅಂತರ ಬಿಡುವ ಪದ್ಧತಿ ಇರುವುದೇ ಇದಕ್ಕಾಗಿ; ಗೈಡ್ ಇದೆಯೆಂಬ ಧೈರ್ಯದಲ್ಲಿ ಅದನ್ನು ಕಿರಿದುಮಾಡಬಾರದು.

ಗೈಡಿನಿಂದ ಕೈಚಳಕ ಹೋಗುತ್ತದೆ ಎನ್ನುವ ಹಿರಿಯರ ಆತಂಕ ನ್ಯಾಯವಾದದ್ದು. ಗೈಡ್ ಬಿರುಕುಬಿಟ್ಟರೆ ಕೈಯೇ ಗತಿ, ಆದ್ದರಿಂದ ತೆರೆದು ಕೊರೆಯಲು ಬಾರದವರು ಗೈಡ್ ಹಿಡಿಯಬಾರದು. ವೆಚ್ಚದ ಆಕ್ಷೇಪಕ್ಕೆ ಉತ್ತರ ಸುಲಭ: ಯಂತ್ರವೆಲ್ಲ ಕ್ಲಿನಿಕ್ಕಿನಲ್ಲೇ ಇರಬೇಕಿಲ್ಲ, ಸ್ಕ್ಯಾನನ್ನೂ ಪ್ರಿಂಟನ್ನೂ ಹೊರಗೆ ಮಾಡಿಸಬಹುದು. ಯೋಜನೆಯನ್ನು ಮಾತ್ರ ಲ್ಯಾಬಿಗೆ ಒಪ್ಪಿಸಿಬಿಡುವಂತಿಲ್ಲ. ನಿಜಕ್ಕೂ ಕಷ್ಟದ ಆಕ್ಷೇಪ ಬೇರೆ. ಗುಟ್ಕಾ, ಅಡಿಕೆ ಜಗಿದು ಬಾಯಿ ಬಿಗಿದವರಲ್ಲಿ ಗೈಡಿನ ಉದ್ದ ಡ್ರಿಲ್ ದವಡೆ ಹಲ್ಲಿನ ಜಾಗಕ್ಕೆ ಎಷ್ಟೋ ವೇಳೆ ಹೋಗುವುದೇ ಇಲ್ಲ. ಜೊತೆಗೆ ಗೈಡ್ ತಂಪುನೀರಿಗೆ ಅಡ್ಡಬರುತ್ತದೆ. ಕೊರೆಯುವಾಗ 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಗಲಿದರೂ ಮೂಳೆಗೆ ಹಾನಿ. ಬಾಯಿ ಎಷ್ಟು ತೆರೆಯುತ್ತದೆಂದು ಸ್ಕ್ಯಾನಿಗೆ ಕಳಿಸುವ ಮೊದಲೇ ಅಳೆಯಬೇಕು.

ದಂತವೈದ್ಯರ ಈ ಸಂಕಿರಣದಿಂದ ನಾನು ಬಯಸುವುದು ಒಂದು ರೂಢಿಯನ್ನು. ಇಂಪ್ಲಾಂಟ್ ಕೂರಿಸಿದ ಮೇಲೆ ಬಾಯೊಳಗಿನ ಸ್ಕ್ಯಾನರಿನಿಂದ ಅದರ ಸ್ಥಾನ ದಾಖಲಿಸಿ ಯೋಜನೆಯ ಜೊತೆ ಹೋಲಿಸೋಣ. ಇದಕ್ಕೆ ಮತ್ತೊಮ್ಮೆ ವಿಕಿರಣ ಬೇಕಿಲ್ಲ. ನಮ್ಮ ಕೈಯಲ್ಲಿ ಎಷ್ಟು ತಪ್ಪುತ್ತದೆ ಎಂಬ ಅಂಕಿ ನಮ್ಮದೇ ರೋಗಿಗಳಿಂದ ಬರಲಿ.